ಪೀಪಾಯಿಯ ಮೇಲೆ ಕೂತವನು

ಬಾರ್ಟ್ಲಿ ಟಿಯರ್ನಿ ಒಳ್ಳೆಯವನು ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಮಲ್ಬರಿ ಬೀದಿಯಲ್ಲಿ ಅವನ ಗುಂಪಿನಿಂದ ಏಟು ತಿನ್ನದ ಅಂಗಡಿಯವನಿರಲಿಲ್ಲ. ಚುನಾವಣೆ ಬಂತೆಂದರೆ ಮತಗಟ್ಟೆಯ ಬಾಗಿಲಲ್ಲಿ ಅವನದೇ ದರ್ಬಾರು. ಆದರೂ ನೆಲಮಾಳಿಗೆಯ ನನ್ನ ಹೆಂಡದಂಗಡಿಗೆ ಇಳಿದು ಬಂದು, "ಪೆಗ್ಗಿ ಅಕ್ಕಾ, ನಮ್ಮ ವಿನ್ನಿ ಏನಾದ್ರೂ ತಿಂದ್ಳಾ?" ಎಂದು ಕೇಳುವಾಗ ಆ ಮುಖ ನೋಡಬೇಕಿತ್ತು. ಐರ್ಲೆಂಡಿನ ಬರಗಾಲದಲ್ಲಿ ಮನೆಮಂದಿಯೆಲ್ಲ ಸತ್ತು, ಉಳಿದು ಹಡಗು ಹತ್ತಿ ಈ ಊರಿಗೆ ಬಂದವರು ಅಣ್ಣ ತಂಗಿ ಇಬ್ಬರೇ. ವಿನ್ನಿ ನನ್ನ ಅಂಗಡಿಯ ಎದುರಿನ ಮರದ ಕಟ್ಟಡದ ಅಟ್ಟದಲ್ಲಿ ಕೂತು ಅಂಗಿ ಹೊಲಿಯುತ್ತಿದ್ದಳು.

ಅವನಿಗೆ ಇನ್ನೊಂದು ಹುಚ್ಚೂ ಇತ್ತು, ಬೆಂಕಿ ಗಾಡಿಯದು. ಆಗೆಲ್ಲ ಬೆಂಕಿ ಆರಿಸುವವರೂ ಈ ಪುಂಡರ ಗುಂಪುಗಳೇ. ಬೀದಿಯ ನಲ್ಲಿಗೆ ಯಾರ ಕೊಳವೆ ಮೊದಲು ಸೇರುತ್ತದೋ ಅವರದೇ ಮೆರೆದಾಟ. ಅದಕ್ಕೇ ಗಂಟೆ ಹೊಡೆದ ಕೂಡಲೇ ಗಟ್ಟಿ ಆಳೊಬ್ಬ ಮುಂದೆ ಓಡಿ, ನಲ್ಲಿಯ ಮೇಲೆ ಖಾಲಿ ಪೀಪಾಯಿ ಬೋರಲು ಹಾಕಿ, ತಮ್ಮ ಗಾಡಿ ಬರುವ ತನಕ ಅದರ ಮೇಲೆ ಕೂತಿರಬೇಕು. ಎದ್ದರೆ ಹೇಡಿ. ಬಾರ್ಟ್ಲಿ ನಾಯಕನಾದದ್ದೇ ಹಾಗೆ ಕೂತು. ಮೂಗು ಮುರಿಸಿಕೊಂಡದ್ದೂ ಹಾಗೆಯೇ.

ಆ ಶನಿವಾರ ಮಧ್ಯಾಹ್ನ ಹೊತ್ತಿಕೊಂಡದ್ದು ಎದುರಿನ ಕಟ್ಟಡವೇ. ಬಾರ್ಟ್ಲಿ ನನ್ನ ಪೀಪಾಯಿಯನ್ನೇ ಹೊತ್ತು ಓಡಿದ.

"ವಿನ್ನಿ ಮೇಲಿದ್ದಾಳೇನೋ, ನೋಡೋ!" ಎಂದು ಕೂಗಿದೆ.

"ಇವತ್ತು ಶನಿವಾರ ಅಲ್ವೇನಕ್ಕಾ? ಅಂಗಿ ಕೊಡೋಕೆ ಬ್ರಾಡ್‌ವೇ ಅಂಗಡಿಗೆ ಹೋಗಿರ್ತಾಳೆ," ಎಂದವನು ನಲ್ಲಿಯ ಮೇಲೆ ಪೀಪಾಯಿ ಹಾಕಿ ಕೂತೇಬಿಟ್ಟ.

ಮೊದಲು ಬಂದದ್ದು ಎದುರಾಳಿಗಳಾದ ಬೌರಿ ಬೀದಿಯವರ ಗಾಡಿ. ಐರಿಷ್ ಮುಖ ಕಂಡರೆ ಉಗಿಯುವ ಜನ ಅವರು. ಅವರ ನಾಯಕ ಆಮೋಸ್ ಕೊಳವೆ ಹಿಡಿದು ಎದುರಿಗೆ ನಿಂತ.

"ಏಳೋ ಐರಿಷ್ ಆಲೂಗಡ್ಡೆ! ಮನೆ ಉರೀತಿದೆ."

"ನಿಮ್ಮಪ್ಪನ ನಲ್ಲಿಯೇನೋ ಇದು? ನಮ್ಮ ಗಾಡಿ ಬರ್ಲಿ."

"ನಿಮ್ಮ ಗಾಡಿ ಚಕ್ರ ಮುರಿದು ಮೂಲೇಲಿ ಬಿದ್ದಿದೆ. ಈಗ ನೋಡ್ಕೊಂಡು ಬಂದೆ."

"ಮುಚ್ಚೋ ಬಾಯಿ, ಸುಳ್ಳು ನನ್ಮಗನೇ!"

ಆಮೋಸ್ ಹೇಳಿದ್ದು ನಿಜವೇ ಆಗಿತ್ತು. ಯಾರು ಕೇಳಬೇಕು? ಇಟ್ಟಿಗೆಗಳು ಹಾರಿದವು, ತಲೆಗಳು ಒಡೆದವು. ಬಾರ್ಟ್ಲಿ ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಕೂತಲ್ಲಿಂದ ಕದಲಲಿಲ್ಲ. ಜನ ಶಿಳ್ಳೆ ಹೊಡೆದರು. ಹಾಳಾದವರು!

ಬೆಂಕಿ ಇತ್ತ ಬಂದರೆ ಗತಿಯೇನೆಂದು ನಾನು ಸಾಮಾನು ಎಳೆದು ಹಾಕಲು ಒಳಗೆ ಓಡಿದೆ. ಮೇಜಿನ ಕೆಳಗೆ ವಿನ್ನಿಯ ಅಂಗಿಗಳ ಗಂಟು!

"ಇದು ಇಲ್ಯಾಕಿದೆ?" ಎಂದು, ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡನನ್ನು ಎಬ್ಬಿಸಿ ಕೇಳಿದೆ.

"ಬೆಳಿಗ್ಗೆ ನೀನು ಮೀನು ತರೋಕೆ ಹೋದಾಗ ಇಟ್ಟು ಹೋದ್ಳು. ಜ್ವರ ಅಂತೆ, ಮಲಗ್ತೀನಿ, ಯಾರಾದ್ರೂ ಕೊಟ್ಟು ಬನ್ನಿ ಅಂದ್ಳು."

ಆ ಗಂಟನ್ನು ಎತ್ತಿಕೊಂಡು ಹೊಡೆದಾಟದ ನಡುವೆ ನುಗ್ಗಿ ಬಾರ್ಟ್ಲಿಯ ಮಡಿಲಿಗೆ ಎಸೆದೆ. "ಅವಳು ಹೋಗಿಲ್ಲ ಕಣೋ, ಮೇಲೇ ಮಲಗಿದ್ದಾಳೆ!"

ಅವನು ಎದ್ದ. ತಾನೇ ಪೀಪಾಯಿಯನ್ನು ಒದ್ದು ಉರುಳಿಸಿದ. "ಆಮೋಸ್, ನೀರು ಬಿಡೋ! ನನ್ನ ತಂಗಿ ಕಣೋ, ನಿನ್ನ ಕಾಲಿಗೆ ಬೀಳ್ತೀನಿ!"

ಆಮೋಸ್ ಕೂಡಲೇ ಕೊಳವೆ ಜೋಡಿಸಿದ. ನೀರೇನೋ ಬಂತು. ಅಷ್ಟರಲ್ಲಿ ಮೆಟ್ಟಿಲು ಕುಸಿದಿತ್ತು. ಒಳಗೆ ನುಗ್ಗಿದ ಬಾರ್ಟ್ಲಿಯನ್ನು ಬೌರಿಯವರೇ ಎಳೆದು ತಂದರು. ಅವನ ಎರಡೂ ಕೈ ಸುಟ್ಟಿದ್ದವು.

ಹೆಣ ಕಾಯುವ ರಾತ್ರಿ ಶವಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ, ತೆಗೆಯುವಂತಿರಲಿಲ್ಲ. ಆಮೋಸನೂ ಬಂದು ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತು ಹೋದ. ನನಗೆ ಅಳು ತಡೆಯಲಾಗಲಿಲ್ಲ.

ತಿಂಗಳಾಗುವ ಮೊದಲೇ ಮತ್ತೆ ಗಂಟೆ ಹೊಡೆಯಿತು. ಗುಂಪಿನವರು ಪೀಪಾಯಿ ಹೊತ್ತು ನನ್ನ ಅಂಗಡಿಗೆ ಇಳಿದರು.

"ನಡಿ ನಾಯಕಾ, ಬೇಗ!"

ಬಾರ್ಟ್ಲಿ ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ಯಾರ ಮನೆಯಂತೆ?" ಎಂದ.

"ಯಾರದಾದ್ರೆ ನಮಗೇನಣ್ಣಾ? ನಲ್ಲಿ ಕೈತಪ್ಪಿ ಹೋಗುತ್ತೆ, ಏಳು!"

ಅದು ಅವನೇ ಅವರಿಗೆ ಕಲಿಸಿದ ಮಾತು. ಅವನು ಏಳಲಿಲ್ಲ. ಅವರು ತಮ್ಮಲ್ಲೇ ಗಟ್ಟಿಮುಟ್ಟಾದವನೊಬ್ಬನ ಹೆಗಲಿಗೆ ಪೀಪಾಯಿ ಏರಿಸಿ, ಕೇಕೆ ಹಾಕುತ್ತ ಮೆಟ್ಟಿಲು ಹತ್ತಿ ಓಡಿದರು.