ಸರ್ಕಾರದ ಎಂಟು ಗಂಟೆ

ಎರ್ಲಿಂಡಾ ಟೀಚರ್ ಮೇಣದಬತ್ತಿಯ ಮುಂದೆ ಕಿತ್ತಳೆ ಹಣ್ಣು ತಿರುಗಿಸಿದ್ದು ಅದು ಆರನೇ ಸಲ. "ಬೇಸಿಗೆಯಲ್ಲಿ ಹಗಲು ಉದ್ದ. ಗಡಿಯಾರ ಒಂದು ಗಂಟೆ ಮುಂದಿಟ್ರೆ ಬೆಳಕಿರೋವಾಗ್ಲೇ ಕೆಲಸ ಮುಗಿಯುತ್ತೆ, ಕರೆಂಟು ಉಳಿಯುತ್ತೆ. ಗೊತ್ತಾಯ್ತಾ?"

"ನಮ್ಮೂರಲ್ಲಿ ಕರೆಂಟೇ ಇಲ್ವಲ್ಲ ಟೀಚರ್," ಎಂದಳು ಮುಂದಿನ ಬೆಂಚಿನ ಎದಿತ್.

"ಪಟ್ಟಣದಲ್ಲಿ ಉಳಿಯುತ್ತೆ ಕಣೇ!"

"ಹಾಗಾದ್ರೆ ಅವರೇ ಬೇಗ ಏಳ್ಲಿ. ನಾವು ದೇವರ ಗಂಟೆಯೋರು, ಅದು ಸರ್ಕಾರದ ಗಂಟೆ ಅಂತಾಳೆ ನಮ್ಮಜ್ಜಿ."

ಎರ್ಲಿಂಡಾಗೆ ಕಿತ್ತಳೆಯನ್ನು ಗೋಡೆಗೆ ಬೀಸಿ ಎಸೆಯಬೇಕೆನಿಸಿತು. ಗಡಿಯಾರ ಬದಲಿಸುವ ಆಜ್ಞೆ ಮೆಕ್ಸಿಕೊಗೆಲ್ಲ ಮೊದಲ ಸಲ ಬಂದು ತಿಂಗಳಾಗಿತ್ತು. ಶಾಲೆ ಹೊಸ ಎಂಟಕ್ಕೆ ತೆರೆಯುತ್ತಿತ್ತು, ಮಕ್ಕಳು ಹಳೆಯ ಎಂಟಕ್ಕೆ, ಅಂದರೆ ಒಂಬತ್ತಕ್ಕೆ ಬರುತ್ತಿದ್ದರು. ಖಾಲಿ ಬೆಂಚುಗಳಿಗೆ ಹಾಜರಿ ಕರೆದು ಕರೆದು ಅವಳ ತಾಳ್ಮೆ ತಳ ಕಂಡಿತ್ತು. ಸೋಮವಾರ ಇನ್ಸ್‌ಪೆಕ್ಟರ್ ಬರುವವರಿದ್ದರು. ಎಂಟಕ್ಕೆ ಸರಿಯಾಗಿ ಹದಿನೈದು ಮಕ್ಕಳು ಕಾಣದಿದ್ದರೆ ಶಾಲೆಗೆ ಬೀಗ. ಆಮೇಲೆ ಎಲ್ಲರೂ ಹೊಳೆ ದಾಟಿ ಪಕ್ಕದೂರಿಗೆ ನಡೆಯಬೇಕು.

ತಪ್ಪು ಮಕ್ಕಳದ್ದಲ್ಲವೆಂದು ಅವಳಿಗೂ ಗೊತ್ತಿತ್ತು. ಎದಿತ್‌ಳ ಅಜ್ಜಿ ಕಾಸ್ತುಲಾ ತನ್ನ ಡೀಸೆಲ್ ಗಿರಣಿಯಲ್ಲಿ, ಸುಣ್ಣದ ನೀರಲ್ಲಿ ನೆನೆದ ಮೆಕ್ಕೆಜೋಳ ಅರೆದುಕೊಡುವ ತನಕ ಊರಲ್ಲಿ ಒಂದು ರೊಟ್ಟಿಯೂ ಬೇಯುತ್ತಿರಲಿಲ್ಲ. ಹಸಿದ ಮಕ್ಕಳನ್ನು ಯಾವ ತಾಯಿ ಕಳಿಸುತ್ತಾಳೆ? ಶನಿವಾರ ಎರ್ಲಿಂಡಾ ಗಿರಣಿಗೇ ಹೋದಳು.

"ಒಂದೇ ದಿನ ಅಮ್ಮಾ, ಒಂದು ಗಂಟೆ ಮುಂಚೆ ಶುರುಮಾಡಿ. ಶಾಲೆ ಉಳಿಯುತ್ತೆ."

"ಇವತ್ತು ಗಂಟೆ ಕಿತ್ಕೊಂಡ್ರು, ನಾಳೆ ಭಾನುವಾರನೇ ಕಿತ್ಕೊಂಡ್ರೆ?" ಮುದುಕಿ ಗಿರಣಿಯ ಕಲ್ಲು ತೊಳೆಯುತ್ತಲೇ ಇದ್ದಳು. "ಆಗಲ್ಲ ಟೀಚರಮ್ಮ. ಹೋಗಿ ಬನ್ನಿ."

"ನಿಮ್ಮ ಹಠಕ್ಕೆ ನಿಮ್ಮ ಮೊಮ್ಮಗಳೇ ಹೊಳೆ ದಾಟ್ಬೇಕು, ನೆನಪಿಟ್ಕೊಳ್ಳಿ!" ಎಂದು ಸಿಡುಕಿ ಹೊರಟವಳು ದಾರಿಯುದ್ದಕ್ಕೂ ಗೊಣಗಿದಳು.

ಸೋಮವಾರ ಇನ್ನೂ ನಸುಕಿರುವಾಗಲೇ ಗಿರಣಿ ಒಮ್ಮೆ ಕೆಮ್ಮಿ, ಆಮೇಲೆ ಗುಡುಗುಡು ಎಂದಿತು. ಸದ್ದು ಕೇಳಿ ಮನೆಮನೆಯಲ್ಲೂ ಒಲೆ ಹತ್ತಿತು. ಎರ್ಲಿಂಡಾ ಹಾಸಿಗೆಯಲ್ಲಿ ಎದ್ದು ಕೂತು ಅತ್ತೇಬಿಟ್ಟಳು.

ಎಂಟಕ್ಕೆ ಇನ್ಸ್‌ಪೆಕ್ಟರ್ ಎಣಿಸಿದಾಗ ಹತ್ತೊಂಬತ್ತು ಮಕ್ಕಳಿದ್ದರು, ಅರ್ಧದಷ್ಟು ಆಕಳಿಸುತ್ತಾ. ಅವರು ಸಹಿ ಹಾಕಿ ಹೋದ ಮೇಲೆ, ಊಟದ ಬಿಡುವಿನಲ್ಲಿ ಅವಳು ಗಿರಣಿಗೆ ಓಡಿದಳು.

"ನಿಮ್ಮ ಗಂಟೆಗೆ ಎದ್ದೆ ಅಂದ್ಕೋಬೇಡಿ," ಎಂದಳು ಕಾಸ್ತುಲಾ ಮುಖ ಎತ್ತದೆ. "ಹೊಳೆ ನೆನೆಸ್ಕೊಂಡು ನಿದ್ದೆ ಬರಲಿಲ್ಲ, ಅಷ್ಟೇ. ರೊಟ್ಟಿ ತಗೊಳ್ಳಿ, ಆರೋಗುತ್ತೆ."

ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ. ಎರ್ಲಿಂಡಾಳ ಕೈಗಡಿಯಾರದಲ್ಲಿ ಹನ್ನೊಂದು. ಅವಳು ಅದು ಮುಚ್ಚುವಂತೆ ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡು, ಬಿಸಿ ರೊಟ್ಟಿಗೆ ಕೈ ಚಾಚಿದಳು.