ತಳಕು ದಾಟುವ ಮುಂಚೆ

ಜಾಲಿ ಗಿಡದ ಮರೆಯಲ್ಲಿ ಸೆರಗು ಅಡ್ಡ ಹಿಡಿದು ನಿಂತಿದ್ದ ಹೊನ್ನಕ್ಕನಿಗೆ, ನಾದಿನಿ ಕೂತಲ್ಲಿಂದ ಏಳುತ್ತಿಲ್ಲ ಎಂಬುದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿರುಗಿ ನೋಡಿದರೆ ವನಜಾಕ್ಷಿ ಎರಡೂ ಕೈ ನೆಲಕ್ಕೂರಿ ಹಲ್ಲು ಕಚ್ಚಿಕೊಂಡಿದ್ದಳು. ಹೊನ್ನಕ್ಕ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಆಮೇಲೆ ಅವಳ ಕಣ್ಣಿಗೆ ಬಿದ್ದದ್ದು ನೆಲದ ಒದ್ದೆ. ಬಿಳಿ ಕಲ್ಲಿನ ಮೇಲೆ ಅದು ಕುದಿಸಿ ಕುದಿಸಿ ಕಪ್ಪಾದ ಚಹಾದ ಹಾಗೆ ಹರಿದಿತ್ತು.

"ಏನೇ ಇದು? ಹಿಂಗ್ಯಾಕೈತೆ?"

"ಬಿಸಿಲಿಗೆ ಅತ್ತಿಗೆ. ಅಣ್ಣಗೆ ಹೇಳಬ್ಯಾಡ." ವನಜಾಕ್ಷಿ ಉಸಿರು ಎಳೆದುಕೊಂಡಳು. "ನೀನು ಹೇಳಿದ್ರೂ ಯಾರು ನಂಬ್ತಾರೆ?"

ಯಾರೂ ನಂಬುವುದಿಲ್ಲ ಎಂಬುದು ಹೊನ್ನಕ್ಕನಿಗೂ ಗೊತ್ತಿತ್ತು. ತನ್ನ ತಮ್ಮನಿಗೆ ವನಜಾಕ್ಷಿಯನ್ನು ತಂದುಕೊಳ್ಳಬೇಕೆಂದು ಅವಳು ಹೋದ ವರ್ಷ ಮಾತೆತ್ತಿದ್ದಳು. ಹುಡುಗಿ ಒಪ್ಪಲಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಓಡಿ, ಅಲ್ಲಿಂದ ಓಡಿಯೇ ವಾಪಸು ಬರುತ್ತೇನೆ, ಮದುವೆ ಮಾತು ಆಮೇಲೆ ಎಂದಿದ್ದಳು. ತಾಲ್ಲೂಕಿನಲ್ಲಿ ಯಾವ ಹೆಣ್ಣೂ ಮಾಡದ ಕೆಲಸ. ಇದನ್ನು ಮುಗಿಸಿದರೆ ತನ್ನ ಶಾಲೆಯಲ್ಲಿ ಆಟದ ಟೀಚರ್ ಕೆಲಸ ಕೊಡುತ್ತೇನೆಂದು ಯುವಕ ಸಂಘದ ವಿಶ್ವನಾಥ್ ಮಾತು ಕೊಟ್ಟಿದ್ದ. ಅಂದಿನಿಂದ ಹೊನ್ನಕ್ಕ ಏನೇ ಅಂದರೂ ಮನೆಯವರಿಗೆ ಅದರಲ್ಲಿ ಹೊಟ್ಟೆಕಿಚ್ಚೇ ಕಾಣುತ್ತಿತ್ತು.

ಮೊಳಕಾಲ್ಮುರು ಮುಟ್ಟಿ ವಾಪಸು ಹೊರಟಿದ್ದ ವನಜಾಕ್ಷಿ ರಸ್ತೆಗೆ ಹತ್ತಿದಳು. ಅದು ಓಟವಾಗಿರಲಿಲ್ಲ. ಮಂಡಿ ಮಡಚದೆ, ಸೊಂಟದಿಂದಲೇ ಕಾಲನ್ನು ಎತ್ತಿ ಎತ್ತಿ ಮುಂದಕ್ಕೆ ಹಾಕುತ್ತಿದ್ದಳು. ಅವಳ ಅಣ್ಣ ಮಾರುತಿ ಟಿವಿಎಸ್ ಗಾಡಿಯನ್ನು ಪಕ್ಕಕ್ಕೆ ತಂದು ಇನ್ನೊಂದು ನೋವಿನ ಮಾತ್ರೆ ಚಾಚಿದ. ಬೆಳಗಿನಿಂದ ಎಷ್ಟು ಕೊಟ್ಟಿದ್ದನೋ ಅವನಿಗೇ ನೆನಪಿರಲಿಲ್ಲ.

"ತಳಕು ಬಂತು ನೋಡು. ತಳಕು ದಾಟಿದ್ರೆ ಚಳ್ಳಕೆರೆ ಬಂದಂಗೆ!"

ಹೊನ್ನಕ್ಕ ಅವನ ಕೈ ಹಿಡಿದಳು. "ಕೊಡಬ್ಯಾಡ್ರಿ. ಆಕಿ ಮೂತ್ರ ಕರ್ರಗೆ ಬಂದೈತೆ. ತೊಡೆ ಮುಟ್ಟಿ ನೋಡ್ರಿ, ರುಬ್ಬೋ ಗುಂಡು ಆದಂಗೆ ಆಗೈತೆ. ನಿಲ್ಸ್ರಿ."

"ಸುಮ್ಕಿರೇ. ಇಷ್ಟು ದೂರ ಬಂದ ಮೇಲೆ ಅಡ್ಡ ಬಾಯಿ ಹಾಕಬ್ಯಾಡ."

ಹಿಂದೆ ಬರುತ್ತಿದ್ದ ಜೀಪಿನಿಂದ ವಿಶ್ವನಾಥ್ ತಲೆ ಹೊರಗೆ ಹಾಕಿದ. "ಏನಂತಮ್ಮ ನಿಮ್ದು? ಅಲ್ಲಿ ಜನ ಹಾರ ಹಿಡ್ಕೊಂಡು ನಿಂತವ್ರೆ!"

ಹೊನ್ನಕ್ಕ ಸುಮ್ಮನಿದ್ದುಬಿಡಬಹುದಿತ್ತು. ಹುಡುಗಿ ಬಿದ್ದರೆ ಆ ಪಾಪ ಗಂಡಸರದು, ಚಳ್ಳಕೆರೆ ಮುಟ್ಟಿದರೆ ಒಳ್ಳೆಯದೇ. ಆದರೆ ಕಣ್ಣ ಮುಂದೆ ಆ ಕಲ್ಲಿತ್ತು, ಅದರ ಮೇಲಿನ ಕಪ್ಪು ನೀರಿತ್ತು. ಅವಳು ಓಡಿ ಹೋಗಿ ವನಜಾಕ್ಷಿಯ ಮುಂದೆ ರಸ್ತೆ ನಡುವೆ ನಿಂತುಬಿಟ್ಟಳು.

"ಪಕ್ಕಕ್ಕೆ ಸರಿ ಅತ್ತಿಗೆ."

"ಒಂದು ಸಲ ಕುಂತು ಏಳು. ಕೈ ಊರಬ್ಯಾಡ. ಎದ್ರೆ ನಾನು ಬಾಯಿ ಬಿಡಲ್ಲ."

ಲಾರಿಯೊಂದು ಹಾರನ್ ಹೊಡೆಯುತ್ತ ಪಕ್ಕಕ್ಕೆ ಸರಿದು ಹೋಯಿತು. ವನಜಾಕ್ಷಿ ಅಣ್ಣನ ಕಡೆ ನೋಡಿದಳು.

"ಎದ್ದು ತೋರ್ಸವ್ವ, ಈಕಿ ಬಾಯಿ ಮುಚ್ಚಲಿ," ಎಂದ ಮಾರುತಿ.

ಅವಳು ಕೂತಳು. ಕೂತದ್ದಲ್ಲ, ಕುಸಿದಳು. ಏಳಲು ಹೋದಾಗ ತೊಡೆಗಳು ಗಡಗಡ ನಡುಗಿದವು, ಚರ್ಮದೊಳಗೆ ಏನೋ ಹರಿದಾಡಿದಂತೆ ಕಂಡಿತು, ಅಷ್ಟೆ. ಮತ್ತೆ ಪ್ರಯತ್ನಿಸಿದಳು. ಮೂರನೆಯ ಸಲ ಪಕ್ಕಕ್ಕೆ ಉರುಳಿ ಟಾರಿನ ಮೇಲೆ ಕೆನ್ನೆ ಇಟ್ಟು, "ಬರವಲ್ವು ಅಣ್ಣ, ಕಾಲು ನನ್ನವಲ್ಲ," ಎಂದು ಅತ್ತಳು.

ಮಾರುತಿ ಗಾಡಿಯನ್ನು ಅಲ್ಲೇ ಕೆಡವಿ ಓಡಿಬಂದ.

ದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಸಲೈನಿನ ಹನಿ ಜೋರು ಮಾಡಿ ಹೇಳಿದರು: "ಮೈ ಮೀರಿ ಓಡಿದ್ರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತೆ. ಅದನ್ನ ಸೋಸಿ ಸೋಸಿ ಮೂತ್ರಪಿಂಡ ಕಟ್ಟಿಕೊಳ್ಳುತ್ತೆ. ನೋವಿನ ಮಾತ್ರೆ ಬೇರೆ ನುಂಗಿಸಿದೀರಿ. ಇನ್ನೂ ಓಡಿದ್ದಿದ್ರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ."

ಮಾರುತಿ ಗೋಡೆಗೆ ಒರಗಿ ನಿಂತಿದ್ದ. ಹೆಂಡತಿಯ ಕಡೆ ನೋಡಲಿಲ್ಲ.

ಮೂತ್ರಪಿಂಡ ಉಳಿಯಿತು. ವಿಶ್ವನಾಥ್ ಒಮ್ಮೆ ಬಂದು ಮೋಸಂಬಿ ಇಟ್ಟು ಹೋದ. ಕೆಲಸದ ಮಾತು ಅವನೂ ಎತ್ತಲಿಲ್ಲ, ಇವರೂ ಕೇಳಲಿಲ್ಲ. ವನಜಾಕ್ಷಿ ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಳು. ಅನ್ನ ತಿನ್ನಿಸಿದರೆ ತಿನ್ನುವಳು, ಮಗ್ಗುಲಾಗಿಸಿದರೆ ಆಗುವಳು, ಮುಖ ಮಾತ್ರ ಗೋಡೆಯ ಕಡೆ.

ಊರಿಗೆ ಹೊರಟ ದಿನ ಚಳ್ಳಕೆರೆಯಲ್ಲಿ ತಮ್ಮೂರು ನನ್ನಿವಾಳದ ಬಸ್ಸಿಗೆ ಕಾದರು. ಬಸ್ಸಿನ ಮೆಟ್ಟಿಲು ವನಜಾಕ್ಷಿಗೆ ಎತ್ತರವಾಯಿತು. ಹೊನ್ನಕ್ಕ ಹಿಂದಿನಿಂದ ಸೊಂಟ ಹಿಡಿದು ಮೇಲಕ್ಕೆ ತಳ್ಳಿದಳು. ಕಿಟಕಿಯ ಪಕ್ಕ ನಾದಿನಿ ಕೂತಳು, ಪಕ್ಕದಲ್ಲಿ ಅತ್ತಿಗೆ. ಬಸ್ಸು ಊರು ಬಿಟ್ಟ ಮೇಲೆ ಕಂಡಕ್ಟರ್ ಬಂದು ನಿಂತ.

"ಎಲ್ಲಿಗ್ರೀ?"

ಹೊನ್ನಕ್ಕ ಸೆರಗಿನ ಗಂಟಿಗೆ ಕೈ ಹಾಕುವಷ್ಟರಲ್ಲಿ ವನಜಾಕ್ಷಿ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು:

"ನನ್ನಿವಾಳ. ಎರಡು ಕೊಡ್ರಿ. ಅತ್ತಿಗೇದೂ ಸೇರಿ."

ಹೊರಗೆ ಶೇಂಗಾ ಕಿತ್ತ ಹೊಲಗಳು ಬಯಲಾಗಿ ಬಿದ್ದಿದ್ದವು. ಗಾಳಿಗೆ ಕೆಂಪು ಧೂಳು ಎದ್ದು ಬಸ್ಸಿನ ಜೊತೆಗೆ ಸ್ವಲ್ಪ ದೂರ ಬಂತು.