ಕ್ಯಾಮೆರಾಕ್ಕೂ ಪೂಜೆ

ಆಯುಧ, ವಾಹನಗಳನ್ನು ಪೂಜಿಸುವ ಖಂಡೇಪೂಜೆಯ ಮರುದಿನ ಬೆಂಗೇರಿಯ ತಿರುವಿನಲ್ಲಿ ಕಾರೊಂದು ಉಮಾಶ್ರೀಯ ಸೈಕಲ್ಲನ್ನು ಸವರಿಕೊಂಡೇ ಹಾದುಹೋಯಿತು. ಹ್ಯಾಂಡಲ್ಲಿನ ಕ್ಯಾಮೆರಾ ಬಿಚ್ಚಿಕೊಂಡು ಅವಳು ನೇರ ಪೊಲೀಸ್ ಠಾಣೆಗೆ ಬಂದಳು. ಹವಾಲ್ದಾರ ಗುರುಬಸವ ವಿಡಿಯೊ ಹಾಕಿದರೆ ಪರದೆಯ ತುಂಬ ಬರೀ ಬೆಳ್ಳನೆಯ ಮಬ್ಬು.

"ಏನ್ರಿ ಇದು, ಮಂಜೇನು?" ಅವನು ಕುತೂಹಲದಿಂದ ಬಗ್ಗಿದ.

ಉಮಾಶ್ರೀ ಕ್ಯಾಮೆರಾ ತಿರುಗಿಸಿ ನೋಡಿದಳು. ಗಾಜಿನ ಮೇಲೆ ದಪ್ಪನೆಯ ವಿಭೂತಿ! ಸೈಕಲ್ಲಿನ ಜತೆಗೆ ಅವ್ವ ಇದಕ್ಕೂ ಪೂಜೆ ಮಾಡಿದ್ದಳು.

"ಇರ್ಲಿ ಬಿಡ್ರಿ, ಆ ತಿರುವಿನಾಗ ನಮ್ಮ ಕ್ಯಾಮೆರಾನೂ ಐತಿ" ಎಂದು ಗುರುಬಸವ ಠೀವಿಯಿಂದ ಅದರ ದೃಶ್ಯ ತೆರೆದ. ನಟ್ಟನಡುವೆ ಕೆಂಪು ಬೊಟ್ಟು. ಅದರ ಹಿಂದೆ ಕಾರು ಮಾಯ.

"ಅಷ್ಟೆತ್ತರ ಕಂಬ ಹತ್ತಿ ಕುಂಕುಮ ಹಚ್ಚಿದಾವ ಯಾವನ್ರಿ?" ಉಮಾಶ್ರೀ ಗುಡುಗಿದಳು.

ಗುರುಬಸವ ಮೆಲ್ಲಗೆ ಅಂದ: "ನಿಚ್ಚಣಿಕಿ ಹಿಡದಾವ ಬ್ಯಾರೆ ರೀ. ಹತ್ತಿದಾವ ನಾನ."